ಅಡಿಕೆ ಮರದಿಂದ ಬಿದ್ದವರಿಗೆ ಕೆಲಸ ಎಲ್ಲಿದೆ?

ಐವತ್ತು ದಾಟಿದ ಅಂಗವಿಕಲರಿಗೆ ನಿಮ್ಮ ಕಾಸರಗೋಡಿನಲ್ಲಿ ಕೆಲಸ ಸಿಗುತ್ತದಾ ಅಂತ ಕೇಳಿದ್ದೀರಿ. ಕಾಸರಗೋಡು ಅಂದರೆ ಹೊರಗಿನವರಿಗೆ ಎಂಡೋಸಲ್ಫಾನ್, ಅಂದರೆ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಆ ವಿಷದ ಕೀಟನಾಶಕ, ನೆನಪಾಗುತ್ತದೆ. ಆ ನೋವು ಬೇರೆಯೇ. ನಾನು ಹೇಳುವುದು ಸಂತ್ರಸ್ತರ ಯಾವ ಪಟ್ಟಿಯಲ್ಲೂ ಇಲ್ಲದವರ ಬಗ್ಗೆ. ಅಡಿಕೆ ಮರದಿಂದ ಬಿದ್ದು ಸೊಂಟ ಹೋದವರು, ಕೆಂಪುಕಲ್ಲಿನ ಕೋರೆಯಲ್ಲಿ ಬೆನ್ನು ಮುರಿದುಕೊಂಡವರು, ಬೀಡಿ ಕಟ್ಟಿ ಕಟ್ಟಿ ಬೆರಳು ಸೋತ ಹೆಂಗಸರು. ದುಡಿಮೆಯೇ ಇವರನ್ನು ಹೀಗೆ ಮಾಡಿದ್ದು.

ಸರಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾನೂನಿನ ಆಸರೆ ಇದೆ. ಸೇವೆಯಲ್ಲಿದ್ದಾಗ ಅಂಗವಿಕಲರಾದರೆ ಅವರನ್ನು ತೆಗೆಯುವ ಹಾಗಿಲ್ಲ, ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ತೋಟದ ಕೂಲಿಯವರಿಗೆ ಇದು ಯಾವುದೂ ಇಲ್ಲ. ಮರದಿಂದ ಬಿದ್ದ ದಿನವೇ ಕೂಲಿ ನಿಂತಿತು. ಸರಕಾರಿ ಹುದ್ದೆಗಳಲ್ಲಿ 4% ಮೀಸಲಾತಿ ಇದೆ, ಸರಿ. ಈ ವಯಸ್ಸಿನಲ್ಲಿ ಅರ್ಜಿ ಹಾಕುವುದೆಲ್ಲಿಗೆ?

ಹಾಗಂತ ಅವರು ಸುಮ್ನೆ ಕೂತಿಲ್ಲ. ಅಡಿಕೆ ಸುಲಿಯುವುದು, ಒಳ್ಳೆಯದನ್ನು ಹೆಕ್ಕಿ ಬೇರೆ ಮಾಡುವುದು, ಇವೆಲ್ಲ ಕೂತೇ ಮಾಡುವ ಕೆಲಸಗಳು. ಕಷ್ಟ ಇರುವುದು ಯಜಮಾನರ ಅಂಗಳದ ತನಕ ಹೋಗುವುದರಲ್ಲಿ. ಇಲ್ಲಿ ಮನೆಗಳು ಗುಡ್ಡದ ಇಳಿಜಾರಿನಲ್ಲಿ ಒಂದೊಂದೇ ಇರುತ್ತವೆ. ಬಸ್ಸು ಮೇಲಿನ ರಸ್ತೆಯಲ್ಲಿ ನಿಲ್ಲುತ್ತದೆ. ಕೆಲವರು ಅಡಿಕೆ ಮೂಟೆಯನ್ನೇ ಇವರ ಮನೆಗೆ ಕಳಿಸುತ್ತಾರೆ, ಸುಲಿದದ್ದಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು ಕೊಡುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಸುಲಿಯುವ ಯಂತ್ರ ಬಂದ ಮೇಲೆ ಅದಕ್ಕೂ ಕುತ್ತು ಬಂದಿದೆ.

ಇನ್ನು ಭಾಷೆ. 1956ರಿಂದ ನಾವು ಕೇರಳದಲ್ಲಿದ್ದೇವೆ. ಕನ್ನಡ ಶಾಲೆಯಲ್ಲಿ ನಾಲ್ಕೈದು ಕ್ಲಾಸು ಓದಿದ ಹಿರಿಯರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಚಿಕಿತ್ಸೆ ಮಂಗಳೂರಿನಲ್ಲಿ, ಅಂಗವೈಕಲ್ಯದ ಸರ್ಟಿಫಿಕೇಟು ಕಾಸರಗೋಡಿನಲ್ಲಿ. ನಮ್ಮ ನೆರೆಯವರೊಬ್ಬರಿಗೆ ಆ ಸರ್ಟಿಫಿಕೇಟು ಕೊಡುವ ಮೆಡಿಕಲ್ ಬೋರ್ಡಿಗೆ ಬರಲು ಕಾಗದ ಬಂದಿತ್ತು. ಓದಿ ಹೇಳುವವರಿಲ್ಲದೆ ಆ ದಿನವೇ ದಾಟಿಹೋಯಿತು. ಕಡಿಮೆ ಅಂದರೂ 40% ವೈಕಲ್ಯ ಇದೆ ಅಂತ ಬೋರ್ಡು ಬರೆದುಕೊಡದೆ ಪಿಂಚಣಿಯೂ ಇಲ್ಲ, ಸಾಲವೂ ಇಲ್ಲ. ನನಗೆ ಈಗಲೂ ಸಂಕಟವಾಗುತ್ತದೆ.

ಕೇರಳದ 1969ರ ಭಾಷಾ ಕಾನೂನಿನ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನೀವು ಏನಾದರೂ ಮಾಡಬೇಕು ಅಂತಿದ್ದರೆ ಮೊದಲು ಯಾರಾದರೂ ಒಬ್ಬರ ಅರ್ಜಿ ಕನ್ನಡದಲ್ಲಿ ಬರೆದುಕೊಡಿ. ಬೋರ್ಡಿನ ದಿನ ಅವರ ಜೊತೆ ಹೋಗಿ, ಮಂಗಳೂರಿನ ಆಸ್ಪತ್ರೆಯ ಕಾಗದಗಳನ್ನೆಲ್ಲ ಮರೆಯದೆ ಹಿಡಿದುಕೊಳ್ಳಿ.