ಗೊಂಬೆಯ ಹಣೆಯ ನರಗಳು ಸಹಜವಾಗಿ ಕಾಣಲು ಯಾವ ನೀಲಿ ಬಣ್ಣ ಕೊಳ್ಳಬೇಕು?

ಗೋಧಿಬಣ್ಣದ ಮಗುವಿನಂತೆ ಕಾಣಲೆಂದು ಹೀಟ್ ಸೆಟ್ ಬಣ್ಣ, ಅಂದರೆ ಓವನ್ನಿನಲ್ಲಿ ಕಾಯಿಸಿ ಕೂರಿಸುವ ಬಣ್ಣ, ಹಚ್ಚಿದ ವಿನೈಲ್ ಗೊಂಬೆಯ ನರಗಳು ಬಾಲ್‌ಪೆನ್ನಿನಲ್ಲಿ ಗೀಚಿದಂತಿವೆ, ಯಾವ ಕಂಪನಿಯ ನೀಲಿ ಕೊಳ್ಳಲಿ ಎಂದು ಕೇಳಿದ್ದೀರಿ. ಯಾವುದನ್ನೂ ಕೊಳ್ಳಬೇಡಿ. ಅದು ನೀಲಿಯ ತಪ್ಪಲ್ಲ. ಅದೇ ಗೀಚನ್ನು ಗೀಚಿ, ಪಡೆದ ಮುಂಗಡವನ್ನು ಹಿಂದಿರುಗಿಸಿದವಳು ನಾನು.

ಮೈಸೂರಿನ ಕುವೆಂಪುನಗರದಲ್ಲಿ ಮನೆಯ ಹಿಂದಿನ ಕೋಣೆಯೇ ನನ್ನ ಕಾರ್ಯಾಗಾರ. ಪ್ರತಿ ದಸರೆಗೂ ಗೊಂಬೆ ಕೂರಿಸುವ ಗೃಹಿಣಿಯೊಬ್ಬರು ತೊಟ್ಟಿಲಲ್ಲಿ ಮಲಗಿಸುವುದಕ್ಕೆ ಒಂದು ಮಗು ಬೇಕೆಂದೂ, ಅದು ತಮ್ಮ ಮನೆಯ ಮಕ್ಕಳ ಬಣ್ಣವೇ ಇರಬೇಕೆಂದೂ ಹೇಳಿದ್ದರು. ನಾನು ಕಲಿತದ್ದು ವಿದೇಶಿ ವೀಡಿಯೋಗಳಿಂದ. ಅಲ್ಲಿ ಮೊದಲು ಬರಿಯ ವಿನೈಲಿನ ಮೇಲೆ ನರಗಳನ್ನು ಎಳೆದು, ಅನಂತರ ನಸುಗೆಂಪಿನ ತೆಳುವಾದ ಪದರಗಳನ್ನು ಹಚ್ಚುತ್ತಾರೆ. ನಾನೂ ನರಗಳನ್ನು ಮೊದಲೇ ಎಳೆದೆ. ಆದರೆ ಗೋಧಿಬಣ್ಣಕ್ಕೆ ಬರುವಷ್ಟರಲ್ಲಿ ತಾಳ್ಮೆ ತೀರಿ, ಬರ್ನ್ಟ್ ಅಂಬರ್ ಎಂಬ ಕಡುಕಂದಿಗೆ ಯೆಲ್ಲೋ ಓಕರ್ ಎಂಬ ಮಣ್ಣುಹಳದಿ ಬೆರೆಸಿ ಒಂದೇ ಸಲಕ್ಕೆ ದಪ್ಪಗೆ ಬಳಿದೆ. ನರಗಳು ಮುಚ್ಚಿಹೋದವು.

ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಕೆಡುತ್ತಿರಲಿಲ್ಲ. ಈ ಬಣ್ಣ ತಾನಾಗಿ ಒಣಗುವುದಿಲ್ಲ; ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ 8ರಿಂದ 10 ನಿಮಿಷ ಕಾಯಿಸಿದ ಮೇಲೆಯೇ ಕೂರುತ್ತದೆ. ಅಲ್ಲಿಯವರೆಗೆ ಥಿನ್ನರಿನಲ್ಲಿ ಒರೆಸಿದರೆ ಪೂರ್ತಿ ಹೋಗುತ್ತದೆ. ಆ ಒಂದು ಅನುಕೂಲಕ್ಕಾಗಿಯೇ ಇಷ್ಟು ದುಬಾರಿ ಬಣ್ಣ ಕೊಳ್ಳುವುದು, ಅದನ್ನೇ ನಾನು ಬಳಸಲಿಲ್ಲ. ಒರೆಸುವ ಬದಲು ಆ ದಪ್ಪ ಪದರವನ್ನು ಕಾಯಿಸಿದೆ, ಅದರ ಮೇಲೆ ಸಣ್ಣ ಕುಂಚದಿಂದ ಮತ್ತೆ ನೀಲಿ ನರ ಎಳೆದೆ, ಅದನ್ನೂ ಕಾಯಿಸಿದೆ. ಗೆರೆ ಚರ್ಮದ ಒಳಗಿರುವ ಬದಲು ಮೇಲೆ ಕುಳಿತಿತು. ಅದನ್ನು ಮಂಕಾಗಿಸಲು ಇನ್ನಷ್ಟು ಕಂದು ಬಳಿದಾಗ ಬೆರಳ ಗಿಣ್ಣುಗಳ ಸಣ್ಣ ಸುಕ್ಕುಗಳೆಲ್ಲ ತುಂಬಿಹೋಗಿ, ಕೆನ್ನೆ ಎಣ್ಣೆ ಸವರಿದ ಹಾಗೆ ಹೊಳೆಯತೊಡಗಿತು. ಆ ಗೃಹಿಣಿ ಗೊಂಬೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿ, ಏನೂ ಹೇಳದೆ ನನ್ನ ಕೈಗೇ ಕೊಟ್ಟರು.

ನರದೊಳಗೆ ನೀಲಿ ಎಂಬುದೇ ಇಲ್ಲ, ಅಲ್ಲಿರುವುದು ಕಡುಗೆಂಪು ರಕ್ತ. ಕೆಂಪು ಬೆಳಕು ಚರ್ಮದೊಳಗೆ ಆಳಕ್ಕಿಳಿದು ಆ ರಕ್ತದಲ್ಲಿ ಹೀರಿಹೋಗುತ್ತದೆ. ನೀಲಿ ಬೆಳಕು ಹೆಚ್ಚಾಗಿ ಮೇಲೆಮೇಲೆಯೇ ಚದುರಿ ಹಿಂದಿರುಗುತ್ತದೆ. ನರವಿರುವ ಕಡೆ ಸುತ್ತಲಿನ ಚರ್ಮಕ್ಕಿಂತ ಕೆಂಪು ಕಡಿಮೆಯಾಗುವುದರಿಂದ ಕಣ್ಣಿಗೆ ಅದು ನೀಲಿಯೆನಿಸುತ್ತದೆ. ಬೂದುಬಣ್ಣದ ಗೆರೆಯ ಮೇಲೆ ಕೆಂಪು ಛಾಯೆಯ ತೆಳುಪದರಗಳು ಬಂದರೆ ಆ ಭ್ರಮೆ ಗೊಂಬೆಯಲ್ಲೂ ಹುಟ್ಟುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಕಾರ ಹಲ್ದಂಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಹತ್ತಿರದಿಂದ ನೋಡಿ. ಅದು ಜಲವರ್ಣ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಬೆಳಗುವುದು ತೆಳುವಾದ ಬಣ್ಣದ ಕೆಳಗಿನ ಕಾಗದದ ಬಿಳುಪಿನಿಂದ. ನಿಮಗೆ ಆ ಕಾಗದವೆಂದರೆ ವಿನೈಲ್, ಅದನ್ನು ಮುಚ್ಚಿಬಿಡಬೇಡಿ.

ಆದ್ದರಿಂದ ನರಗಳನ್ನು ಹಸಿರು ಬೆರೆತ ಬೂದಿನಲ್ಲಿ, ಬಣ್ಣ ಬೆರೆತ ಥಿನ್ನರ್ ಎನ್ನುವಷ್ಟು ತೆಳುವಾಗಿ ಎಳೆದು, ಅಂಚುಗಳನ್ನು ಒಣ ಸ್ಪಂಜಿನಿಂದ ಒತ್ತಿ ಕರಗಿಸಿ, ಮೊದಲೇ ಕಾಯಿಸಿಬಿಡಿ. ಕಂದನ್ನು ಪದರ ಪದರವಾಗಿ ತನ್ನಿ, ಪ್ರತಿ ಪದರವನ್ನೂ ಕಾಯಿಸುವ ಮೊದಲು ಹಗಲು ಬೆಳಕಿನಲ್ಲಿ ನೋಡಿ. ಇಷ್ಟಕ್ಕೂ ನಮ್ಮ ಮಕ್ಕಳ ಮೈಯಲ್ಲಿ ನರಗಳು ಎದ್ದು ಕಾಣುವುದೇ ಕಡಿಮೆ. ಹಣೆಯ ಬದಿ, ಕಣ್ಣರೆಪ್ಪೆ ಮತ್ತು ಮಣಿಕಟ್ಟಿನ ಒಳಭಾಗದಲ್ಲಿ ಸುಳಿವಿದ್ದರೆ ಸಾಕು. ಕಿವಿಯ ಅಂಚು, ಉಗುರಿನ ಬುಡ, ಗಿಣ್ಣುಗಳನ್ನು ತುಸು ಕಪ್ಪಾಗಿಸಿ, ಅಂಗೈ ಅಂಗಾಲುಗಳನ್ನು ನಸುಗೆಂಪಾಗಿಯೇ ಬಿಡಿ. ನೀಲಿ ಹಚ್ಚಲೇಬೇಕೆಂಬ ಆಸೆಯಿದ್ದರೆ ಬೆನ್ನಿನ ಕೆಳಭಾಗದಲ್ಲಿ ಹಚ್ಚಿ. ನಮ್ಮಲ್ಲಿ ಬಹಳಷ್ಟು ಹಸುಗೂಸುಗಳಿಗೆ ಅಲ್ಲೊಂದು ನೀಲಿಬೂದು ಮಚ್ಚೆ ಇರುತ್ತದೆ, ಕೆಲವು ವರ್ಷಗಳಲ್ಲಿ ಮಾಸಿಹೋಗುತ್ತದೆ. ಹಣೆಯ ನರಗಳೆಲ್ಲಕ್ಕಿಂತ ಆ ಮಚ್ಚೆಯೇ ಗೊಂಬೆಗೆ ಜೀವ ತರುತ್ತದೆ ಎಂಬುದು ನನ್ನ ಅಭಿಪ್ರಾಯ.

ನೀಲಿಗೆಂದು ತೆಗೆದಿಟ್ಟ ಹಣದಲ್ಲಿ ಓವನ್ ಥರ್ಮಾಮೀಟರ್ ಕೊಳ್ಳಿ, ಓಟಿಜಿಯ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್ನಿನ) ಗುಂಡಿ ತೋರಿಸುವ ಡಿಗ್ರಿಯನ್ನು ನಂಬಬೇಡಿ, ಅಡುಗೆಯ ಓವನ್ನನ್ನು ಇದಕ್ಕೆ ಬಳಸಲೇಬೇಡಿ. ಹಣೆಯ ಗೀಚನ್ನು ಇನ್ನೂ ಕಾಯಿಸಿಲ್ಲವಾದರೆ ಈಗಲೇ ಒರೆಸಿಬಿಡಿ. ಕಾಯಿಸಿಯಾಗಿದ್ದರೆ ಆ ಗೊಂಬೆಗೆ ಒಂದು ಕುಲಾವಿ ಹೊಲಿಸಿ.