"ಯಾರಿಗೆ ಹೊಡೆಯೋಕೆ ಕಲಿತೀಯ?" ಅಂತ ಕೇಳಿದರೆ ಏನು ಹೇಳಲಿ?

ಸಮರಕಲೆ ಮತ್ತು ಬಾಕ್ಸಿಂಗ್, ಜೂಡೊದಂಥ ಕ್ರೀಡೆಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ಕ್ರೀಡಾ ಮನಶ್ಶಾಸ್ತ್ರ ತಜ್ಞರ ಉತ್ತರ

ಪ್ರಶ್ನೆ: ನನಗೆ 34 ವರ್ಷ. ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಜಗಳ ಅಂದರೆ ಮೊದಲಿನಿಂದಲೂ ದೂರ. ಆದರೂ ಕೆಲವು ತಿಂಗಳಿಂದ ಬ್ರೆಜಿಲಿಯನ್ ಜಿಯು-ಜಿತ್ಸು (ಹಿಡಿತಗಳಿಂದ ಎದುರಾಳಿಯನ್ನು ಮಣಿಸುವ ಕಲೆ) ಕಲಿಯಬೇಕು ಅನ್ನಿಸುತ್ತಿದೆ. ಮನೆಯಲ್ಲಿ "ಈ ವಯಸ್ಸಲ್ಲಿ ಯಾರಿಗೆ ಹೊಡೆಯೋಕೆ?" ಎನ್ನುತ್ತಾರೆ. ನನಗೂ ಉತ್ತರ ಗೊತ್ತಿಲ್ಲ. ಜನ ಯಾಕೆ ಇದನ್ನು ಕಲಿಯುತ್ತಾರೆ? ಈ ಆಸೆ ಸಹಜವೇ?

ಉತ್ತರ: ಖಂಡಿತ ಸಹಜ. ಜಗಳ ಕಂಡರೆ ಆಗದವರು ಈ ತರಗತಿಗಳಲ್ಲಿ ತುಂಬ ಜನ ಸಿಗುತ್ತಾರೆ. ಯಾಕೆ ಬಂದಿರಿ ಎಂದು ಮೊದಲ ದಿನ ಕೇಳಿದರೆ ತೂಕ ಇಳಿಸೋಕೆ, ಆತ್ಮರಕ್ಷಣೆಗೆ, ಗೆಳೆಯ ಕರೆದ ಅಂತ ಹೇಳುತ್ತಾರೆ. ಇನ್ನೊಂದು ಕಾರಣವನ್ನು ಮಾತ್ರ ಬೇಗ ಬಾಯಿಬಿಡುವುದಿಲ್ಲ. ಅದು ಭಯ. ಯಾವತ್ತೋ ಶಾಲೆಯಲ್ಲಿ ಯಾರೋ ಕಾಲರ್ ಹಿಡಿದಾಗ ಕೈಕಾಲು ಆಡದೆ ನಿಂತಿದ್ದು ಎಷ್ಟು ವರ್ಷವಾದರೂ ಮನಸ್ಸಿನಿಂದ ಹೋಗಿರುವುದಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಜೂಡೊ ಕಟ್ಟಿದ ಜಿಗೊರೊ ಕಾನೊ ಚಿಕ್ಕ ಮೈಕಟ್ಟಿನ ಹುಡುಗ. ಶಾಲೆಯಲ್ಲಿ ದೊಡ್ಡ ಹುಡುಗರು ಕಾಡುತ್ತಿದ್ದರು ಅಂತಲೇ ಜುಜುತ್ಸು ಎಂಬ ಜಪಾನಿನ ಹಳೆಯ ಸಮರಕಲೆ ಕಲಿಯಲು ಹೊರಟವರು. 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ತಮ್ಮದೇ ಶಾಲೆ ಶುರು ಮಾಡಿದರು. ನೀವು ಕಲಿಯಬೇಕೆಂದಿರುವ ಜಿಯು-ಜಿತ್ಸುವಿನ ಬೇರೂ ಅಲ್ಲೇ ಇದೆ. ಒಕಿನಾವಾ ದ್ವೀಪದ ಕರಾಟೆ ಜಪಾನಿನ ಮುಖ್ಯ ಭೂಭಾಗದಲ್ಲಿ ಹರಡಲು ದೊಡ್ಡ ಕಾರಣರಾದ ಗಿಚಿನ್ ಫುನಾಕೊಶಿ ಕೂಡ ಚಿಕ್ಕಂದಿನಲ್ಲಿ ಸದಾ ಕಾಯಿಲೆ ಬೀಳುತ್ತಿದ್ದವರು. ಅಂದರೆ ಈ ಕಲೆಗಳನ್ನು ಬೆಳೆಸಿದವರಲ್ಲೇ, ತಾವು ದುರ್ಬಲರು ಅನ್ನಿಸಿ ಬಂದವರಿದ್ದಾರೆ.

ಆದರೆ ಭಯ ನಿಮ್ಮನ್ನು ಬಾಗಿಲವರೆಗೆ ತರುತ್ತದೆ, ಅಷ್ಟೇ. ವರ್ಷಗಟ್ಟಲೆ ಉಳಿಸುವುದು ಬೇರೆಯದೇ. ಅದೇನು ಅಂತ ತಿಳಿಯಬೇಕಾದರೆ ಮ್ಯಾಟ್ ಮೇಲೆ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಇಬ್ಬರು ಅಭ್ಯಾಸ ಮಾಡುತ್ತಿದ್ದಾರೆ. ಒಬ್ಬರ ತೋಳು ಇನ್ನೊಬ್ಬರ ಕುತ್ತಿಗೆ ಸುತ್ತಿದೆ. ಒತ್ತಡ ಏರುತ್ತಿದೆ. ಸಿಕ್ಕಿಕೊಂಡವರು ಎದುರಿಗಿರುವವರ ತೋಳನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾರೆ, ಸೋತೆ, ಬಿಡಿ ಎಂಬ ಸೂಚನೆ ಅದು. ಅಷ್ಟೇ, ಹಿಡಿತ ಆ ಕ್ಷಣವೇ ಬಿಡುತ್ತದೆ. ಇಬ್ಬರೂ ಕೈಕೈ ತಟ್ಟಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಒಂದೇ ಸಂಜೆಯಲ್ಲಿ ಇದು ಹತ್ತಾರು ಸಲ ನಡೆಯುತ್ತದೆ. ನಿಮ್ಮ ಕುತ್ತಿಗೆಯನ್ನು ಅಷ್ಟಾಗಿ ಪರಿಚಯವೂ ಇಲ್ಲದವರ ಕೈಗೆ ಕೊಡುತ್ತೀರಿ. ಅವರು ಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಕುತ್ತಿಗೆ ನಿಮ್ಮ ಕೈಯಲ್ಲಿರುತ್ತದೆ, ನೀವೂ ಬಿಡುತ್ತೀರಿ. ದೊಡ್ಡವರಾದ ಮೇಲೆ ಇಷ್ಟು ನೇರವಾದ ನಂಬಿಕೆ ಬೇರೆಲ್ಲಿ ಸಿಗುತ್ತದೆ ಹೇಳಿ? ತುಂಬ ಜನರನ್ನು ಹಿಡಿದಿಡುವುದು ಇದೇ ಎಂದು ನಾನು ನಂಬಿದ್ದೇನೆ. ಹೊಡೆಯುವ ಆಸೆಗಿಂತ ಇದರ ಸೆಳೆತ ಜಾಸ್ತಿ.

ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಹೇಳುವ ಪ್ರಕಾರ ಯಾವುದೇ ಕೆಲಸದಲ್ಲಿ ಒಳಗಿನ ಹುಮ್ಮಸ್ಸು ಉಳಿಯಲು ಮೂರು ವಿಷಯ ಬೇಕು: ಇದು ನಾನೇ ಆರಿಸಿಕೊಂಡದ್ದು ಅನ್ನಿಸಬೇಕು, ನನಗೆ ಬರುತ್ತಿದೆ ಅನ್ನಿಸಬೇಕು, ಜೊತೆಗೆ ನಮ್ಮವರು ಇರಬೇಕು. ಒಳ್ಳೆಯ ತರಗತಿಯಲ್ಲಿ ಮೂರೂ ಸಿಗುತ್ತವೆ. ಎರಡನೆಯದಂತೂ ತೀರಾ ಸ್ಪಷ್ಟ. ಕಳೆದ ತಿಂಗಳು ಕೆಳಗೆ ಸಿಕ್ಕಿ ಒದ್ದಾಡಿದ ಜಾಗದಿಂದ ಈ ತಿಂಗಳು ತಪ್ಪಿಸಿಕೊಂಡರೆ ನೀವು ಕಲಿತಿದ್ದೀರಿ ಅಂತ ಯಾರೂ ಹೇಳಬೇಕಾಗಿಲ್ಲ, ಮೈಗೇ ಗೊತ್ತಾಗುತ್ತದೆ. ಇನ್ನೂ ಒಂದಿದೆ. ಎದುರಿಗೆ ಒಬ್ಬರು ನಿಮ್ಮ ಕಾಲು ಎಳೆಯುತ್ತಿರುವಾಗ ನಾಳೆಯ ಮೀಟಿಂಗ್ ನೆನಪಾಗುವುದಿಲ್ಲ. ಇಡೀ ದಿನ ಪರದೆ ನೋಡುವವರಿಗೆ ಆ ಒಂದು ಗಂಟೆಯ ಬಿಡುಗಡೆ ಸಣ್ಣದಲ್ಲ.

ಮನೆಯವರಿಗೆ ದೊಡ್ಡ ವಿವರಣೆ ಬೇಡ. ಕಲಿಯಬೇಕು ಅನ್ನಿಸಿದೆ ಎಂದರೆ ಸಾಕು. ಸೇರುವ ಮೊದಲು ಒಂದು ತರಗತಿ ಸುಮ್ನೆ ಕೂತು ನೋಡಿ. ಹಳಬರು ಹೊಸಬರ ಜೊತೆ ಹೇಗೆ ಅಭ್ಯಾಸ ಮಾಡುತ್ತಾರೆ ಎಂಬುದನ್ನು ಗಮನಿಸಿ. ತಟ್ಟಿದ ಮೇಲೂ ಒಂದು ಕ್ಷಣ ಹಿಡಿದೇ ಇರುವವರು, ಅದನ್ನು ನೋಡಿ ಸುಮ್ಮನಿರುವ ಕೋಚ್ ಇದ್ದರೆ ಅಲ್ಲಿಗೆ ಸೇರಬೇಡಿ.

ಪ್ರಶ್ನೆ: ನನ್ನ ಮಗಳಿಗೆ 11 ವರ್ಷ. ಎರಡು ವರ್ಷದಿಂದ ಕರಾಟೆಗೆ ಹೋಗುತ್ತಿದ್ದಾಳೆ. ಮೊದಲು ಓಡಿಕೊಂಡು ಹೋಗುತ್ತಿದ್ದವಳಿಗೆ ಹಸಿರು ಬೆಲ್ಟ್ ಬಂದ ಮೇಲೆ ಬೇಸರ. ಮುಂದಿನ ಬೆಲ್ಟ್ ಪಡೆದರೆ ಸೈಕಲ್ ಕೊಡಿಸುತ್ತೇನೆ ಅಂತ ಹೇಳಲೇ?

ಉತ್ತರ: ದಯವಿಟ್ಟು ಬೇಡ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಿಮಗೆ ತಿಳಿದಿರಬೇಕು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಕೆಲವು ದಿನ ಬಿಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನೋಡಿದಾಗ, ಮೊದಲೇ ಮಾತು ಕೊಟ್ಟಿದ್ದ ಮಕ್ಕಳೇ ಚಿತ್ರದ ಕಡೆ ಕಡಿಮೆ ಹೋದರು. ಪ್ರೀತಿಯಿಂದ ಮಾಡುತ್ತಿದ್ದದ್ದು ಕೂಲಿಗೆ ಮಾಡುವ ಕೆಲಸವಾಗಿಬಿಟ್ಟಿತ್ತು.

ಬೆಲ್ಟಿನಲ್ಲೂ ಇದೇ ಅಪಾಯ ಇದೆ. ಕಪ್ಪು ಬೆಲ್ಟಿನ ಪದ್ಧತಿ ತಂದವರು ಕಾನೊ. ನಡುವಿನ ಬಣ್ಣಗಳು ಹೆಚ್ಚಾಗಿ ಬೆಳೆದದ್ದು ಯುರೋಪಿನಲ್ಲಿ ಜೂಡೊ ಹರಡಿದ ಮೇಲೆ. ದೂರದ ಗುರಿಗೆ ಹತ್ತಿರದ ಮೆಟ್ಟಿಲು ಸಿಗುವುದು ಒಳ್ಳೆಯದೇ. ಆದರೆ ಮಗುವಿನ ಕಣ್ಣು ಬಣ್ಣದ ಮೇಲೆಯೇ ನೆಟ್ಟರೆ, ಮೆಟ್ಟಿಲುಗಳ ನಡುವಿನ ಅಂತರ ಹೆಚ್ಚಿದ ಕೂಡಲೇ ಕೈಚೆಲ್ಲುತ್ತದೆ. ಮೊದಲ ಬೆಲ್ಟುಗಳು ಬೇಗ ಬರುತ್ತವೆ, ನಂತರದವು ನಿಧಾನ. ದೊಡ್ಡವರಲ್ಲೂ ಹೀಗೇ. ಜಿಯು-ಜಿತ್ಸುವಿನಲ್ಲಿ ಬಿಳಿ ದಾಟಿ ನೀಲಿ ಬೆಲ್ಟ್ ಸಿಕ್ಕಿದ ಮೇಲೆ ಬಿಟ್ಟುಹೋಗುವವರನ್ನು ಕೋಚ್‌ಗಳು ಸದಾ ನೋಡುತ್ತಿರುತ್ತಾರೆ. ಅಲ್ಲಿಂದ ಕಪ್ಪು ಬೆಲ್ಟಿನವರೆಗಿನ ದಾರಿ ತುಂಬ ಉದ್ದ.

ಮಗಳನ್ನು "ಬೆಲ್ಟ್ ಯಾವಾಗ?" ಎಂದು ಕೇಳುವುದು ಬಿಡಿ. "ಇವತ್ತು ಯಾವುದು ಕಷ್ಟ ಆಯ್ತು, ನನಗೆ ತೋರಿಸು" ಎನ್ನಿ. ಹಾಗೇ ಅವಳ ಜೊತೆ ಕಲಿಯುತ್ತಿದ್ದ ಗೆಳತಿಯರು ಇನ್ನೂ ಬರುತ್ತಿದ್ದಾರಾ ಎಂದು ವಿಚಾರಿಸಿ. ಬೇಸರದ ಮೂಲ ಎಷ್ಟೋ ಸಲ ಅಲ್ಲಿರುತ್ತದೆ. ಕೋಚ್ ಎಲ್ಲರೆದುರು ಗದರಿರಬಹುದು, ಅದನ್ನೂ ಮೆಲ್ಲಗೆ ಕೇಳಿ. ಇಷ್ಟಾದ ಮೇಲೂ ಬೇಡ ಎಂದರೆ ಬಿಡಿಸಿ. ಎರಡು ವರ್ಷ ಕಲಿತದ್ದು ಮೈಯಲ್ಲೇ ಇರುತ್ತದೆ.

ಪ್ರಶ್ನೆ: ನನಗೆ ಸಿಟ್ಟು ಜಾಸ್ತಿ. ಬಾಕ್ಸಿಂಗ್ ಸೇರಿ ಪಂಚಿಂಗ್ ಬ್ಯಾಗಿಗೆ ಹೊಡೆದರೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಜನ ನಂಬಿರುವ ರೀತಿಯಲ್ಲಿ ನಿಜವಲ್ಲ. ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿದರು. ಸಿಟ್ಟು ಬರಿಸಿದವರನ್ನು ನೆನೆಸಿಕೊಂಡು ಬ್ಯಾಗಿಗೆ ಹೊಡೆದವರ ಸಿಟ್ಟು, ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಜಾಸ್ತಿಯೇ ಇತ್ತು. ಬ್ಯಾಗಿನ ಮೇಲೆ ಯಾರದೋ ಮುಖ ಕಾಣುತ್ತಿದ್ದರೆ ನೀವು ಸಿಟ್ಟನ್ನೇ ಅಭ್ಯಾಸ ಮಾಡುತ್ತಿದ್ದೀರಿ.

ಹಾಗಂತ ಬಾಕ್ಸಿಂಗ್ ಬೇಡ ಎನ್ನುತ್ತಿಲ್ಲ. ರಿಂಗಿನಲ್ಲಿ ಸಿಟ್ಟಾದರೆ ಉಸಿರು ಕಟ್ಟುತ್ತದೆ, ಭುಜ ಬಿಗಿಯಾಗುತ್ತದೆ. ಮೂರು ನಿಮಿಷದ ಸುತ್ತು ಮುಗಿಯುವ ಮೊದಲೇ ಕೈ ಕೆಳಗಿಳಿಯುತ್ತದೆ, ಆಗ ಪೆಟ್ಟು ತಿನ್ನುವುದು ನೀವೇ. ಪೆಟ್ಟು ಬಿದ್ದರೂ ಉಸಿರು ಬಿಡುತ್ತಾ ಕಣ್ಣು ತೆರೆದು ನಿಲ್ಲುವುದನ್ನು ಒಳ್ಳೆಯ ಕೋಚ್ ಕಲಿಸುತ್ತಾರೆ. ಅದಕ್ಕಾಗಿ ಸೇರಿ. ಆದರೆ ಮನೆಯವರ ಮೇಲೆ ಕೈ ಮಾಡುವಷ್ಟು ಸಿಟ್ಟಿದ್ದರೆ ಮೊದಲು ಆಪ್ತ ಸಮಾಲೋಚಕರ ಹತ್ತಿರ ಹೋಗಿ, ಬಾಕ್ಸಿಂಗ್ ಆಮೇಲೆ.

ಪ್ರಶ್ನೆ: ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಕಾದಾಟ) ಎಂದರೆ ಭಯ. ಸ್ಪರ್ಧೆಗೆ ಹೋಗದಿದ್ದರೆ ಕಲಿತದ್ದು ವ್ಯರ್ಥವೇ?

ಉತ್ತರ: ಖಂಡಿತ ಅಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿ ಒಂದು ಸಲವೂ ಸ್ಪರ್ಧೆಗೆ ಇಳಿಯದವರು ಬಹಳ ಜನ ಇದ್ದಾರೆ. ಸ್ಪಾರಿಂಗ್ ನಿಧಾನವಾಗಿ, ನಂಬಿಕೆಯ ಜೊತೆಗಾರರೊಂದಿಗೆ, ಹಗುರವಾಗಿ ಶುರು ಮಾಡಿ. ಇಷ್ಟೇ ಜೋರು ಸಾಕು ಎಂದು ಮೊದಲೇ ಬಾಯಿಬಿಟ್ಟು ಹೇಳಿ. ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಏನೇ ಕಂಡರೂ ಆವತ್ತಿನ ಅಭ್ಯಾಸ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಕೋಚ್ ಏನೇ ಹೇಳಲಿ, ವೈದ್ಯರು ಒಪ್ಪುವವರೆಗೆ ಮತ್ತೆ ಸ್ಪಾರಿಂಗ್‌ಗೆ ಇಳಿಯಬೇಡಿ.