ಗಾಳಿಯಿಂದ ಇಂಗಾಲ ಹೀರುವ ಯಂತ್ರವನ್ನು ನಂಬಿ ಕೂರಬಹುದೇ?

ಪ್ರಶ್ನೆ: ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ, ಇಂಜಿನಿಯರಿಂಗ್ ಓದುತ್ತಿರುವ ನನ್ನ ಮಗ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನೆಲದೊಳಗೆ ಸೇರಿಸುವ ಯಂತ್ರಗಳು ಬಂದಿವೆ, ಚಿಂತೆ ಬೇಡ ಎನ್ನುತ್ತಾನೆ. ನನಗೇಕೋ ನಂಬಿಕೆ ಬರುವುದಿಲ್ಲ. ಇದು ಹಳೆಯ ಕಾಲದವರ ಅನುಮಾನವೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಐಸ್‌ಲ್ಯಾಂಡಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಕ್ಲೈಮ್‌ವರ್ಕ್ಸ್ ಸಂಸ್ಥೆಯ ‘ಓರ್ಕಾ’ ಸ್ಥಾವರ ಕೆಲಸ ಆರಂಭಿಸಿತು. ದೊಡ್ಡ ಫ್ಯಾನುಗಳು ಎಳೆದುಕೊಂಡ ಗಾಳಿಯಿಂದ ಶೋಧಕಗಳು ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುತ್ತವೆ; ಆಮೇಲೆ ಶೋಧಕಗಳನ್ನು ಕಾಯಿಸಿ, ಅನಿಲವನ್ನು ಬಿಡಿಸಿ, ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಯ ಆಳಕ್ಕೆ ಇಳಿಸಿದರೆ ಅಲ್ಲಿ ಅದು ಕಲ್ಲಾಗುತ್ತದೆ. ಮೆಚ್ಚಬೇಕಾದ ಕೆಲಸವೇ ಹೌದು. ತೊಡಕಿರುವುದು ಲೆಕ್ಕದಲ್ಲಿ. ಓರ್ಕಾದ ಉದ್ದೇಶಿತ ಸಾಮರ್ಥ್ಯ ವರ್ಷಕ್ಕೆ 4,000 ಟನ್. ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸಿ ಜಗತ್ತು ಹೊರಬಿಡುತ್ತಿರುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಭಾಗಿಸಿ ನೋಡಿದರೆ, ಆ ಸ್ಥಾವರ ವರ್ಷವಿಡೀ ದುಡಿದು ಹೀರಬಹುದಾದಷ್ಟನ್ನು ನಾವು ನಾಲ್ಕು ಸೆಕೆಂಡಿನೊಳಗೆ ಉಗುಳಿಬಿಡುತ್ತೇವೆ. 2024ರಲ್ಲಿ ಆರಂಭವಾದ, ಅದೇ ಸಂಸ್ಥೆಯ ‘ಮ್ಯಾಮತ್’ ಸ್ಥಾವರ ವರ್ಷಕ್ಕೆ 36,000 ಟನ್ನಿನ ಗುರಿಯದು. ಅದೂ ಸುಮಾರು ಅರ್ಧ ನಿಮಿಷದ ಲೆಕ್ಕವೇ.

ಇನ್ನಷ್ಟು ಸ್ಥಾವರ ಕಟ್ಟಿದರಾಯಿತಲ್ಲ ಎಂದು ಮಗ ಕೇಳಿಯಾನು. ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ನಾಲ್ಕೇ ನಾಲ್ಕು. ಅವನ್ನು ಹೆಕ್ಕಲು ವಿದ್ಯುತ್ತೂ ಬೇಕು, ಶಾಖವೂ ಬೇಕು. ಐಸ್‌ಲ್ಯಾಂಡಿನಲ್ಲಿ ಎರಡೂ ಭೂಗರ್ಭದ ಬಿಸಿಯಿಂದ ಸಿಗುತ್ತವೆ. ವಿದ್ಯುತ್ತಿನ ಬಹುಪಾಲನ್ನು ಕಲ್ಲಿದ್ದಲಿನಿಂದ ಪಡೆಯುವ ನಮ್ಮ ದೇಶದಲ್ಲಿ, ಬಿಸಿಲು ಗಾಳಿಗಳಿಂದ ಬಂದ ವಿದ್ಯುತ್ತನ್ನು ಮೊದಲು ಕಲ್ಲಿದ್ದಲಿನ ಬಳಕೆ ತಗ್ಗಿಸಲು ಉಪಯೋಗಿಸುವುದೇ ಲೇಸು.

ನನ್ನ ಅನುಮಾನ ಹುಟ್ಟಿದ್ದು ಮಾತ್ರ ನಮ್ಮ ಬೆಂಗಳೂರಿನಲ್ಲಿಯೇ. ಕೆರೆಗಳು ಬಡಾವಣೆಗಳಾಗುತ್ತಿದ್ದಾಗ ಕೊಳವೆಬಾವಿ ಇದೆಯಲ್ಲ ಎಂದೆವು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿದ ಕಾವೇರಿ ನೀರು ಬರುತ್ತದಲ್ಲ ಎಂದೆವು. 2024ರ ಬೇಸಿಗೆಯಲ್ಲಿ ನಮ್ಮ ಬೀದಿಗೆ ಬಂದ ಬೋರ್‌ವೆಲ್ ಲಾರಿ ರಾತ್ರಿಯಿಡೀ ಕೊರೆಯಿತು. ಸಾವಿರ ಅಡಿ ದಾಟಿದರೂ ಹೊರಬಂದದ್ದು ಬೂದುಬಣ್ಣದ ಕಲ್ಲುಪುಡಿ ಮಾತ್ರ. ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರುಗಳ ಸೀಟಿನ ಮೇಲೆ, ತುಳಸಿ ಎಲೆಗಳ ಮೇಲೆ ಅದೇ ಪುಡಿ ಕೂತಿತ್ತು. ಕೊಳವೆಬಾವಿಯನ್ನು ನಾನು ದೂರುತ್ತಿಲ್ಲ. ಅದಿದೆ ಎಂಬ ಧೈರ್ಯದಲ್ಲಿ ಕೆರೆಗಳನ್ನು ಕೈಬಿಟ್ಟೆವಲ್ಲ, ಇಂಗಾಲ ಹೀರುವ ಯಂತ್ರದ ಧೈರ್ಯದಲ್ಲಿಯೂ ಕಲ್ಲಿದ್ದಲನ್ನು ಇನ್ನಷ್ಟು ಕಾಲ ಉರಿಸುತ್ತೇವೆ ಎಂಬುದೇ ನನ್ನ ಭಯ.

ಹಾಗೆಂದು ಮಗನ ಉತ್ಸಾಹಕ್ಕೆ ತಣ್ಣೀರೆರಚಬೇಡಿ. ಸಿಮೆಂಟ್ ತಯಾರಿಕೆಯಲ್ಲಿ ಇಂಧನವನ್ನು ಬದಲಿಸಿದರೂ, ಸುಣ್ಣದ ಕಲ್ಲು ಕಾದೊಡನೆ ತಾನೇ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಗೂಡಿನ ಚಿಮಣಿಯಲ್ಲಿ ಅದು ದಟ್ಟವಾಗಿರುವುದರಿಂದ ಅಲ್ಲಿಯೇ ಹಿಡಿಯುವುದು ಬಯಲಿನಲ್ಲಿ ಹೆಕ್ಕುವುದಕ್ಕಿಂತ ಸುಲಭ. ಅಲ್ಲಿ ಅವನಂಥವರ ಕೆಲಸ ನಮಗೆ ಬೇಕೇ ಬೇಕು.